ಆಮೆನ್ ಅಂದ್ರ ಏನ್ರಿ?

ಹೋದ ವಾರ ಕಲಬುರ್ಗಿಯಿಂದ ನಮ್ಮ ಕಾರ್ಖಾನೆಗೆ ಒಬ್ಬ ಗಿರಾಕಿಯ ಫೋನು ಬಂತು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ ನಮ್ಮದು. ನಮ್ಮದು ಎಂದರೆ ನನ್ನದಲ್ಲ. ಕಲ್ಲಿನ ಹಲಗೆಗಳನ್ನು ಅಳೆದು, ಬಿರುಕು ಇದೆಯೇ ನೋಡಿ, ಬಳಪದಲ್ಲಿ ಗುರುತು ಹಾಕುವುದಷ್ಟೇ ನನ್ನ ಪಾಲಿನ ಕೆಲಸ. ಕಲ್ಲು ಎಲ್ಲಿಗೆ ಬಂತು ಎಂದು ಗಿರಾಕಿ ಕೇಳಿದ. ಲಾರಿ ಹೊರಟಿದೆ, ದಾರಿಯಲ್ಲಿ ಯಾವ ವಿಘ್ನವೂ ಬಾರದೆ ನಾಳೆ ಮಧ್ಯಾಹ್ನದೊಳಗೆ ಕ್ಷೇಮವಾಗಿ ನಿಮ್ಮ ಬಾಗಿಲು ಸೇರಲಿ ಎಂದು ಹೇಳಿ, ಫೋನಿಡುವ ಮೊದಲು ನಾನು ಬಹಳ ಗಂಭೀರವಾಗಿ ‘ಆಮೆನ್’ ಎಂದೆ. ಆ ಕಡೆಯಿಂದ ಆತನೂ ಅಷ್ಟೇ ಗಂಭೀರವಾಗಿ ‘ಆಮೀನ್’ ಎಂದು ಫೋನಿಟ್ಟ. ಪುಣ್ಯಾತ್ಮ, ಮುಸಲ್ಮಾನನಿರಬೇಕು. ಬೇರೆ ಯಾರಾದರೂ ಆಗಿದ್ದರೆ ನನ್ನ ಮಾಲೀಕರಿಗೆ ಫೋನ್ ಮಾಡುತ್ತಿದ್ದರು.

ನಾನು ದೇವರನ್ನು ಬಿಟ್ಟು ನಾಲ್ಕು ವರ್ಷವಾಯಿತು. ದೇವರೂ ನನ್ನನ್ನು ಬಿಟ್ಟಿರಬೇಕು, ಅವನ ಕಡೆಯಿಂದ ಇನ್ನೂ ಯಾವ ವಿಚಾರಣೆಯೂ ಬಂದಿಲ್ಲ. ಈ ಎರಡೂವರೆ ಅಕ್ಷರ ಮಾತ್ರ ಬಿಟ್ಟು ಹೋಗಲು ಒಲ್ಲೆ ಎನ್ನುತ್ತದೆ. ಊಟದ ತಟ್ಟೆ ಮುಂದೆ ಬಂದರೆ ಕಣ್ಣು ತಾನಾಗಿ ಮುಚ್ಚುತ್ತದೆ, ಮಾತು ಸ್ವಲ್ಪ ಉದ್ದವಾದರೆ ಕೊನೆಗೆ ಬಾಯಿ ತಾನಾಗಿ ಆಮೆನ್ ಎನ್ನುತ್ತದೆ. ಇದರಿಂದ ನನಗಾದ ಫಜೀತಿ ಒಂದೆರಡಲ್ಲ. ಅವುಗಳಲ್ಲಿ ಒಂದನ್ನು ನಿಮಗೆ ಹೇಳಲೇಬೇಕು.

ನಮ್ಮ ಮನೆಯಲ್ಲಿ ಎರಡು ಕನ್ನಡ. ಒಂದು ನಮ್ಮದು, ಇನ್ನೊಂದು ದೇವರದು. ನನ್ನ ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸು. ಹಗಲೆಲ್ಲ ‘ಗುಳಗಿ ನುಂಗ್ರಿ, ಆರಾಮ ಆಗ್ತೈತಿ, ಹೆದರಬ್ಯಾಡ್ರಿ’ ಎನ್ನುವ ಅದೇ ಅವ್ವ, ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿದಳೆಂದರೆ ‘ಕೃಪಾಳುವಾದ ತಂದೆಯೇ, ಅಸ್ವಸ್ಥರಾಗಿರುವ ನಿನ್ನ ಮಕ್ಕಳನ್ನು ಮುಟ್ಟಿ ಸ್ವಸ್ಥಪಡಿಸು’ ಎನ್ನುತ್ತಿದ್ದಳು. ಸಭೆಯಲ್ಲಿ ಪಾಸ್ಟರೂ ಹಾಗೆಯೇ. ಬಾಗಿಲಲ್ಲಿ ನಿಂತು ‘ಯಾಕಲೇ ದಾನ್ಯಾ, ತಡಾ ಮಾಡಿದಿ?’ ಎಂದು ಕಿವಿ ಹಿಂಡಿದವರು ಒಳಗೆ ಹೋಗಿ ‘ತಡಮಾಡದೆ ನಿನ್ನ ಸನ್ನಿಧಿಗೆ ಬಂದಿದ್ದೇವೆ’ ಎನ್ನುವರು. (ನನ್ನ ಹೆಸರು ದಾನಿಯೇಲ್. ಇಳಕಲ್ಲಿನ ಬಾಯಿಗೆ ಸಿಕ್ಕು ದಾನ್ಯಾ ಆಗಿದೆ.) ದೇವರು ಮೈಸೂರು ಕಡೆಯವನು, ನಮ್ಮ ಮಾತು ಅವನಿಗೆ ತಿಳಿಯುವುದಿಲ್ಲ ಎಂದೇ ನಾನು ಬಹಳ ದಿನ ನಂಬಿದ್ದೆ. ಅಪ್ಪನಿಗೆ ಈ ಎರಡನೆಯ ಕನ್ನಡ ಬರುತ್ತಿರಲಿಲ್ಲ. ಅವನು ಕಲ್ಲಿನ ಲಾರಿಯ ಡ್ರೈವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಪ್ರಾರ್ಥನೆ ಮಾಡು ಎಂದರೆ ‘ದೇವರ ಇಲಾಖೆ ನಿಮ್ಮವ್ವಂದು’ ಎಂದು ಜಾರಿಕೊಳ್ಳುತ್ತಿದ್ದ.

ಏಳನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡಿದೆ. ಮಕ್ಕಳ ಸರದಿ ಇತ್ತು. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ವಿಷಯ, ನಮ್ಮ ಆಡು. ನಾನು ಶುರು ಮಾಡಿದೆ: ‘ಯಪ್ಪಾ ದೇವ್ರ, ನಮ್ಮ ಆಡ ನಿನ್ನಿಯಿಂದ ಕಾಣವಲ್ದು. ನಾಳೆ ನನಗ ಸಾಲಿ ಐತಿ, ಹುಡುಕಾಕ ಆಗೂದಿಲ್ಲ. ನೀನ ಹುಡುಕಿ ಕೊಡು. ಕಪ್ಪಂದು, ಎಡಗಡೆ ಕಿವಿ ಹರದೈತಿ.’ ಗುರುತು ಹೇಳದಿದ್ದರೆ ಬೇರೆಯವರ ಆಡು ತಂದುಕೊಟ್ಟಾನು ಎಂಬ ಮುಂಜಾಗ್ರತೆ. ಇಡೀ ಸಭೆ ನಕ್ಕಿತು. ಪಾಸ್ಟರು ಬೈಬಲನ್ನು ಮುಖಕ್ಕೆ ಅಡ್ಡ ಹಿಡಿದರು, ಅದರ ಹಿಂದೆ ಅವರ ಭುಜ ಕುಣಿಯುವುದು ಎಲ್ಲರಿಗೂ ಕಾಣುತ್ತಿತ್ತು. ಅವ್ವ ಒಬ್ಬಳೇ ನಗಲಿಲ್ಲ.

ಮನೆಗೆ ಬಂದು ನೋಡಿದರೆ ಆಡು ಪಕ್ಕದ ಮನೆಯ ಹಸೀನಾ ಖಾಲಾ ಅವರ ಅಂಗಳದಲ್ಲಿತ್ತು. ಸೀರೆ ನೇಯಲೆಂದು ಬಣ್ಣ ಹಾಕಿ ಒಣಗಿಸಿದ್ದ ನೂಲನ್ನು ನೆಮ್ಮದಿಯಾಗಿ ಮೆಲ್ಲುತ್ತ ನಿಂತಿತ್ತು. ಆಮೆನ್ ಎಂಬ ಶಬ್ದದ ಮೇಲೆ ಖಾಲಾ ಅವರಿಗೂ ಹಕ್ಕಿತ್ತು ಎಂದು ಹೇಳಬೇಕು. ಅವ್ವ ಕಂಪೌಂಡಿನ ಈಚೆ ನಿಂತು ‘ನಮ್ಮ ದಾನ್ಯಾ ಪಾಸಾದ್ರ ಸಾಕ್ ನೋಡ್ರಿ’ ಎಂದರೆ ಅವರು ಆಚೆಯಿಂದ ನೂಲು ಸುತ್ತುತ್ತಲೇ ‘ಆಮೀನ್’ ಎನ್ನುವರು. ಆಮೆನ್ ಸರಿಯೋ ಆಮೀನ್ ಸರಿಯೋ ಎಂದು ನಾನು ತಲೆ ಕೆಡಿಸಿಕೊಂಡಿದ್ದುಂಟು, ಹಾಗೆಂದರೆ ಏನು ಎಂದು ಮಾತ್ರ ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಅದು ಬಂದ ಕೂಡಲೇ ಎಲ್ಲರೂ ಕಣ್ಣು ತೆರೆದು ಊಟಕ್ಕೆ ಕೈ ಹಾಕುತ್ತಿದ್ದರು. ಮುಗಿಯಿತು ಎಂದೇ ಅರ್ಥ.

ಈ ಅರ್ಥಕ್ಕೆ ಸಾರಿಗೆ ಸಂಸ್ಥೆಯ ಬೆಂಬಲವೂ ಸಿಕ್ಕಿತು. ಬಾಗಲಕೋಟೆಗೆ ಹೋಗುವ ಬಸ್ಸು ಇಳಕಲ್ಲು ಬಿಟ್ಟ ಕೂಡಲೇ ಅವ್ವ ಪ್ರಯಾಣದ ಪ್ರಾರ್ಥನೆ ಶುರು ಮಾಡುತ್ತಿದ್ದಳು, ಅದೂ ಬಾಯೊಳಗೇ. ಎಲ್ಲಿ ಮುಗಿಯಿತು ಎಂದು ತಿಳಿಯದೆ ನಾನು ಕಣ್ಣು ಮುಚ್ಚಿಕೊಂಡೇ ಹುನಗುಂದ ದಾಟಿ ನಿದ್ದೆ ಹೋಗುತ್ತಿದ್ದೆ. ಆಮೇಲೆ ಕಂಡಕ್ಟರು ‘ಅಮೀನಗಡ, ಅಮೀನಗಡ!’ ಎಂದು ಕೂಗುವನು. ಓಹೋ, ಪ್ರಾರ್ಥನೆ ಮುಗಿಯಿತು ಎಂದು ನಾನು ಕಣ್ಣು ಬಿಟ್ಟರೆ ಕಿಟಕಿಯ ಹೊರಗೆ ಕರದಂಟಿನ ಅಂಗಡಿ. ಪ್ರಾರ್ಥನೆಯ ಕೊನೆಗೆ ಕರದಂಟು ಸಿಗುವ ಧರ್ಮ ಕೆಟ್ಟದ್ದು ಎಂದು ಯಾವ ಹುಡುಗ ಹೇಳಿಯಾನು?

ಆಡಿನ ಪ್ರಕರಣದ ನಗು ಮಾತ್ರ ನನ್ನನ್ನು ಚುಚ್ಚಿತ್ತು. ಹಟ ಹಿಡಿದು ದೇವರ ಕನ್ನಡ ಕಲಿತೆ. ಹತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಉಪ್ಪು ಖಾರ ಹಚ್ಚಿ ಹದಿನೈದು ನಿಮಿಷ ಪ್ರಾರ್ಥಿಸುವ ಮಟ್ಟಕ್ಕೆ ಬೆಳೆದೆ. ‘ದಾನ್ಯಾನ ಪ್ರಾರ್ಥನಿ ಭಾಳ ಚಲೋ’ ಎಂದು ಹೆಸರಾಯಿತು. ಕಮತಗಿಯಲ್ಲಿ ಅಂಗಡಿ ಶುರುವಾದರೆ, ಹುನಗುಂದದಲ್ಲಿ ಮದುವೆ ನಿಶ್ಚಯವಾದರೆ ನನಗೆ ಕರೆ. ನಾನು ಪ್ರಾರ್ಥಿಸಿ ಕೊಟ್ಟ ಹೊಸ ಬೈಕೊಂದು ಮೂರನೆಯ ದಿನ ಗಟಾರಕ್ಕೆ ಬಿತ್ತು, ಆದರೂ ನನ್ನ ಗೌರವ ಕಡಿಮೆಯಾಗಲಿಲ್ಲ.

ಇಂಥ ಪ್ರತಿಭಾವಂತ ಹತ್ತೊಂಬತ್ತನೆಯ ವಯಸ್ಸಿಗೆ ಪ್ರೀತಿಯಲ್ಲಿ ಬಿದ್ದರೆ ಏನು ಮಾಡಬೇಕು? ಪ್ರಾರ್ಥನೆಯನ್ನೇ ಮಾಡಬೇಕು. ಬಾಗಲಕೋಟೆಯ ಕಾಲೇಜಿನಲ್ಲಿದ್ದಾಗ ಯುವಕರ ಕೂಟಕ್ಕೆ ಬಾದಾಮಿಯ ಎಸ್ತೇರ ಬರುತ್ತಿದ್ದಳು, ಚೆನ್ನಾಗಿ ಹಾಡುತ್ತಿದ್ದಳು. ನಮ್ಮಲ್ಲಿ ಹುಡುಗಿಯನ್ನು ಕೇಳುವ ಮೊದಲು ದೇವರ ಚಿತ್ತ ಕೇಳುವುದು ಪದ್ಧತಿ. ನಾನು ಒಂದು ಶುಕ್ರವಾರ ಉಪವಾಸ ಮಾಡಿದೆ. ಉಪವಾಸ ಎಂದರೆ ಎರಡು ಪ್ಲೇಟು ಮಿರ್ಚಿ ಭಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆಮೇಲೆ ದೇವರ ಮುಂದೆ ಒಂದು ಷರತ್ತು ಇಟ್ಟೆ: ಬಾದಾಮಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕರೆ ಹೌದು, ಸಿಗದಿದ್ದರೆ ಇಲ್ಲ. ಸಿಕ್ಕಿತು. ಹಾರುತ್ತ ಹೋಗಿ ಎಸ್ತೇರಳಿಗೆ ಕಿಟಕಿ ಸೀಟಿನ ಸಮೇತ ಎಲ್ಲ ಹೇಳಿದೆ. ಅವಳು ಒಂದು ವಾರ ಸಮಯ ತೆಗೆದುಕೊಂಡಳು.

‘ನಾನೂ ಪ್ರಾರ್ಥನಿ ಮಾಡಿದೆ ದಾನಿಯೇಲ್,’ ಎಂದಳು. ‘ನನಗ ಬ್ಯಾಡ ಅಂತ ಬಂತು.’

‘ನನಗ ಹೌದು ಅಂತ ಬಂದಿತ್ತಲ್ಲ?’

‘ನಿನಗ ಬಂದಿದ್ದು ಬಸ್ಸಿನ್ಯಾಗ. ಅದು ಸಾರಿಗಿ ಇಲಾಖೆದ ಉತ್ತರ ಇರಬೇಕು, ಇನ್ನೊಮ್ಮೆ ಕೇಳಿ ನೋಡು.’

ಒಬ್ಬನೇ ದೇವರು ಒಂದೇ ವಾರದಲ್ಲಿ ಒಬ್ಬನಿಗೆ ಹೌದೆಂದು, ಇನ್ನೊಬ್ಬಳಿಗೆ ಬೇಡವೆಂದು ಹೇಗೆ ಹೇಳಿದ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮನಸ್ಸು ನೊಂದಿತ್ತು ನಿಜ, ಆದರೆ ನೋವು ಎರಡು ತಿಂಗಳಲ್ಲಿ ಹೋಯಿತು, ಪ್ರಶ್ನೆ ಹೋಗಲಿಲ್ಲ.

ಅಲ್ಲಿಂದಲೇ ನನ್ನ ನಂಬಿಕೆ ಹೋಯಿತು ಎಂದರೆ ಕಥೆ ಚಂದವಾಗುತ್ತಿತ್ತು. ಹಾಗಾಗಲಿಲ್ಲ. ದೊಡ್ಡ ಪುಸ್ತಕ ಓದಿಯೋ, ದೊಡ್ಡ ದುಃಖ ಕಂಡೋ ನಾಸ್ತಿಕರಾದವರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ನನ್ನದು ಟಿಫಿನ್ ಡಬ್ಬಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದ ಹಾಗೆ. ಒಂದು ದಿನ ನೋಡಿದರೆ ಕೈಯಲ್ಲಿ ಇಲ್ಲ. ಯಾವ ಸ್ಟಾಪಿನಲ್ಲಿ ಬಿಟ್ಟೆ, ಯಾವಾಗ ಬಿಟ್ಟೆ, ನೆನಪಿಲ್ಲ. ಹುಡುಕಿದೆ ಕೂಡ. ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿ ‘ಇದ್ದೀಯೇನು?’ ಎಂದು ಕೇಳಿದರೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

ಇದನ್ನು ಅವ್ವನಿಗೆ ಹೇಳುವ ಧೈರ್ಯ ಆಗಲಿಲ್ಲ. ಆಕೆಯ ಬದುಕಿನಲ್ಲಿ ದವಾಖಾನೆ, ನಾನು, ದೇವರು ಇಷ್ಟೇ ಇದ್ದದ್ದು, ಅಪ್ಪ ಲಾರಿಯಲ್ಲಿ. ಅದರಲ್ಲಿ ಇಬ್ಬರು ಬೇರೆಯಾದರು ಎಂದು ಹೇಗೆ ಹೇಳಲಿ? ಆದ್ದರಿಂದ ಪ್ರಾರ್ಥನೆ ಮುಂದುವರಿಸಿದೆ. ಊಟಕ್ಕೆ ಕೂತರೆ ಅವ್ವ ‘ದಾನ್ಯಾ, ನೀ ಮಾಡು’ ಎನ್ನುವಳು, ನಾನು ಕೃಪಾಳುವಾದ ತಂದೆಯನ್ನು ಕರೆಯುವೆನು. ಭಾನುವಾರ ಸಭೆಯಲ್ಲೂ ಆಕೆಯೇ ನನ್ನ ಹೆಸರು ಹೇಳಿ ನಿಲ್ಲಿಸುತ್ತಿದ್ದಳು. ನಂಬಿಕೆ ಹೋದ ಮೇಲೆ ನನ್ನ ಪ್ರಾರ್ಥನೆ ಇನ್ನೂ ಸೊಗಸಾಯಿತು ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಭಯವಿಲ್ಲದ ಮೇಲೆ ನಾಲಿಗೆ ತೊದಲುವುದಿಲ್ಲ. ಎರಡು ಮೂರು ಜನ ಕಣ್ಣೀರು ಒರೆಸಿಕೊಂಡಿದ್ದನ್ನು ನಾನೇ ಕಣ್ಣಿನ ಸಂದಿಯಿಂದ ನೋಡಿದ್ದೇನೆ.

ಆಗ, ಹೋದ ವರ್ಷ, ಬಂದವಳು ಗಿರಿಜಾ. ಊರು ಹುನಗುಂದ, ಕಮತಗಿಯಲ್ಲಿ ಶಾಲೆಯ ಟೀಚರು. ಮನೆಯ ಅಡುಗೆಕಟ್ಟೆಗೆ ಕಪ್ಪು ಕಲ್ಲು ಬೇಕೆಂದು ಅಣ್ಣನ ಜೊತೆ ಕಾರ್ಖಾನೆಗೆ ಬಂದಿದ್ದಳು. ನಾನು ಒಂದು ಹಲಗೆ ತೋರಿಸಿ, ಒಂದು ಕೂದಲೆಳೆ ಬಿರುಕೂ ಇಲ್ಲ ಎಂದು ಹೇಳಿದೆ. ಅವಳು ಸುಮ್ಮನೆ ತನ್ನ ಬಾಟಲಿಯಿಂದ ನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಕಾದಳು. ಕಲ್ಲೆಲ್ಲ ಒಣಗಿತು, ಒಂದು ಸಣ್ಣ ಗೆರೆಯಲ್ಲಿ ತೇವ ಉಳಿಯಿತು.

‘ಇದೇನ್ರಿ?’ ಎಂದಳು.

ಬಿರುಕು ಹುಡುಕುವುದಕ್ಕೇ ಪಗಾರ ಎಣಿಸುವವನು ನಾನು. ಬೇರೆ ಕಲ್ಲು ಕೊಡುವ ನೆಪದಲ್ಲಿ ಫೋನ್ ನಂಬರು ತೆಗೆದುಕೊಂಡೆ. ಕಲ್ಲು ಹೋಗಿ ಅಡುಗೆಕಟ್ಟೆಯಾದ ಮೇಲೂ ಫೋನು ನಿಲ್ಲಲಿಲ್ಲ. ಅವಳು ಲಿಂಗಾಯತರ ಹುಡುಗಿ ಎಂದು ಅವಳೇ ಹೇಳಿದಳು, ನಾನು ದೇವರನ್ನು ಬಿಟ್ಟ ಕ್ರಿಶ್ಚಿಯನ್, ಅವ್ವನ ಮುಂದೆ ಮಾತ್ರ ಇನ್ನೂ ಪ್ರಾರ್ಥಿಸುತ್ತೇನೆ ಎಂದು ನಾನೇ ಹೇಳಿದೆ. ಯಾರಿಗಾದರೂ ಅದನ್ನು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಗುರವಾಯಿತು.

ಒಂದು ತಿಂಗಳ ಎರಡನೆಯ ಶನಿವಾರ, ಶಾಲೆಗೆ ರಜೆ ಇದ್ದಾಗ, ಬಾದಾಮಿ ಬಳಿ ಬನಶಂಕರಿ ಗುಡಿಯಿರುವ ಚೊಳಚಗುಡ್ಡಕ್ಕೆ ಹೋದೆವು. ಅವಳು ಮನೆಯಲ್ಲಿ ‘ಬನಶಂಕರಿಗೆ ಹೋಗ್ತೇನಿ’ ಎಂದು ಹೇಳಿ ಬಂದಿದ್ದಳು, ಅದು ನಿಜ. ನಾನು ಅವ್ವನಿಗೆ ಬಾದಾಮಿಯಲ್ಲಿ ಕಲ್ಲು ಅಳೆಯುವುದಿದೆ ಎಂದು ಹೇಳಿ ಬಂದಿದ್ದೆ. ಅವಳು ಗುಡಿಯೊಳಗೆ ಹೋಗಿ ಬಂದಳು, ನಾನು ಹೊರಗೆ ಚಪ್ಪಲಿ ಕಾದೆ. ಆಮೇಲೆ ಮರದ ನೆರಳಿನಲ್ಲಿ ಬುಟ್ಟಿ ಇಟ್ಟುಕೊಂಡು ಊಟ ಬಡಿಸುವ ಹೆಂಗಸರ ಬಳಿ ಕೂತೆವು. ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ತಟ್ಟೆ ಮುಂದೆ ಬಂತು. ನನ್ನ ಕಣ್ಣು ಮುಚ್ಚಿದವು. ನಾಲ್ಕು ಸೆಕೆಂಡು ಇರಬಹುದು. ತೆರೆದಾಗ ತಟ್ಟೆಯಲ್ಲಿ ಪಲ್ಯ ಇತ್ತು, ರೊಟ್ಟಿ ಇರಲಿಲ್ಲ. ಅದು ಮರದ ಮೇಲೆ ಒಂದು ಕೋತಿಯ ಕೈಯಲ್ಲಿತ್ತು.

‘ಇಲ್ಲಿ ಕಣ್ಣ ತಗದ ಉಣಬೇಕೋ ಯಪ್ಪಾ,’ ಎಂದಳು ಬುಟ್ಟಿಯ ಅಜ್ಜಿ. ‘ಮಂಗ್ಯಾ ಯಾವ ದೇವರಿಗೂ ಕಾಯಂಗಿಲ್ಲ.’

ಗಿರಿಜಾ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ‘ದೇವರ ಇಲ್ಲ ಅಂತೀರಿ, ಮತ್ತ ಕಣ್ಣ ಯಾಕ ಮುಚ್ಚಿದ್ರಿ?’

‘ರೂಢಿ ಬಿಡವಲ್ದುರಿ. ನಿಮಗ ನಂಬಿಕಿ ಐತೇನ್ರಿ?’

‘ನಾ ದಿನಾ ಮುಂಜಾನಿ ಲಿಂಗಪೂಜಿ ಮಾಡ್ತೇನಿ. ನಂಬಿಕಿ ಐತೋ ಇಲ್ಲೋ ಕೆಲವು ದಿನ ನನಗೂ ತಿಳ್ಯೂದಿಲ್ಲ. ಆದ್ರ ಆ ಐದು ನಿಮಿಷ ಯಾರಿಗೂ ಸುಳ್ಳ ಹೇಳೂದಿಲ್ಲ ನೋಡ್ರಿ, ನನಗೂ ಸೈತ.’

ಈ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ನನ್ನ ತಲೆಯಲ್ಲಿ ಬೇರೆ ವಿಷಯ ಓಡುತ್ತಿತ್ತು. ಸಂಜೆ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಅವಳಿಗೆ ಹೇಳಿಬಿಡಬೇಕು ಎಂದು ನಿಶ್ಚಯಿಸಿ ಬಂದಿದ್ದೆ. ‘ನೀವಂದ್ರ ನನಗ ಭಾಳ ಇಷ್ಟರಿ’, ಇಷ್ಟು ಸಾಕಿತ್ತು. ಬಸ್ಸಿನಲ್ಲಿ ಬಾಯಿಪಾಠವನ್ನೂ ಮಾಡಿದ್ದೆ. ಆದರೆ ಕೆಂಪು ಬಂಡೆ, ಹಸಿರು ನೀರು, ಪಕ್ಕದಲ್ಲಿ ಗಿರಿಜಾ ಎಲ್ಲ ಸೇರಿ ಆ ಬಾಯಿಪಾಠವನ್ನು ಮರೆಸಿಬಿಟ್ಟವು. ಮನಸ್ಸಿನೊಳಗಿನ ದೊಡ್ಡ ಮಾತನ್ನು ಹೇಳಲು ಜೀವನದಲ್ಲಿ ನನಗೆ ಕಲಿಸಿದ್ದು ಒಂದೇ ಭಾಷೆ. ಕಣ್ಣು ಮುಚ್ಚಿದವು. ಬಾಯಿ ಶುರುವಾಯಿತು.

‘ಗಿರಿಜಾ ಅವರೇ, ಈ ಸುಂದರವಾದ ಸಾಯಂಕಾಲಕ್ಕಾಗಿ ಕೃತಜ್ಞನಾಗಿದ್ದೇನೆ. ನಿಮ್ಮನ್ನು ನನ್ನ ಜೀವಿತದಲ್ಲಿ ಅನುಗ್ರಹಿಸಿದ್ದಕ್ಕಾಗಿ ವಂದಿಸುತ್ತೇನೆ. ಯೋಗ್ಯತೆಯಿಲ್ಲದ ನನ್ನ ಬಲಹೀನತೆಗಳನ್ನು ಕ್ಷಮಿಸಿ, ನನ್ನನ್ನು ನಿಮ್ಮವನನ್ನಾಗಿ ಸ್ವೀಕರಿಸಬೇಕೆಂದು ದೀನತೆಯಿಂದ ಬೇಡಿಕೊಳ್ಳುತ್ತೇನೆ. ಆಮೆನ್.’

ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿದ್ದು ಕೇಳಿಸಿತು. ನಾನು ಒಂದೇ ಕಣ್ಣು ತೆರೆದೆ.

‘ಆಮೆನ್ ಅಂದ್ರ ಏನ್ರಿ?’ ಎಂದಳು ಗಿರಿಜಾ.

‘ಮುಗೀತು ಅಂತರಿ.’

‘ಇನ್ನಾ ಶುರುನ ಆಗಿಲ್ಲ, ಮುಗಿಸೇ ಬಿಟ್ರೇನ್ರಿ?’ ಎಂದು ಅವಳು ನಗಲು ಶುರು ಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಒಗೆಯುವ ಹೆಂಗಸೂ ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

‘ನೀವು ಅವ್ವನ ಮುಂದ ದಿನಾ ಹಿಂಗ ಮಾಡ್ತೀರಲ್ಲ?’

‘ಹೂಂ.’

‘ಅವರಿಗೆ ಗೊತ್ತಿಲ್ಲ?’

‘ಇಲ್ಲರಿ. ಗೊತ್ತಾದ್ರ ಎದಿ ಒಡಕೋತಾಳ.’

‘ಹಂಗಾದ್ರ ಮೊದಲ ಅವರಿಗೆ ಹೇಳ್ರಿ. ಆಮ್ಯಾಲೆ ನನಗ ಹೇಳೂವಂತ್ರಿ. ಹಡದವ್ವನ ಮುಂದ ಇಷ್ಟ ಚಂದ ಸುಳ್ಳ ಹೇಳಾವ್ರು ನನ್ನ ಮುಂದ ಖರೇನ ಹೇಳ್ತಾರಂತ ನಾ ಹೆಂಗ ತಿಳ್ಕೊಳ್ಲಿ?’

ಕಲ್ಲಿನ ಮೇಲೆ ನೀರು ಸುರಿದು ಕಾದವಳು ಅವಳು.

ಆಮೇಲೆ ಏಳು ಭಾನುವಾರ ಬಂದವು. ಏಳು ಸಲ ಹೇಳಿಯೇಬಿಡುತ್ತೇನೆ ಎಂದು ಎದ್ದೆ, ಏಳು ಸಲ ಸೊಗಸಾದ ಪ್ರಾರ್ಥನೆ ಮಾಡಿ ಕೋಳಿ ತಿಂದು ಮಲಗಿದೆ. ಗಿರಿಜಾ ಫೋನಿನಲ್ಲಿ ಏನೂ ಒತ್ತಾಯ ಮಾಡಲಿಲ್ಲ, ಬರುಬರುತ್ತ ಮಾತು ಕಡಿಮೆ ಮಾಡಿದಳು. ಅದು ಒತ್ತಾಯಕ್ಕಿಂತ ಹೆಚ್ಚಾಯಿತು. ಅವಳನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ ಒಂದು ಕಡೆ, ಅವ್ವನ ಮುಖ ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ಜನ ದೇವರ ಮೊರೆ ಹೋಗುತ್ತಾರೆ. ನನಗೆ ಆ ಅನುಕೂಲವೂ ಇರಲಿಲ್ಲ.

ಎಂಟನೆಯ ಭಾನುವಾರ. ಸಭೆಯಿಂದ ಬಂದೆವು. ಅಪ್ಪ ಎಂದಿನಂತೆ ಯಾವುದೋ ಘಾಟಿನಲ್ಲಿದ್ದ. ಅವ್ವ ಬಿಸಿ ರೊಟ್ಟಿ, ಕೋಳಿ ಸಾರು ಬಡಿಸಿ ಎದುರಿಗೆ ಕೂತು, ಸೆರಗು ತಲೆಯ ಮೇಲೆ ಎಳೆದುಕೊಂಡು ‘ದಾನ್ಯಾ, ನೀ ಮಾಡು’ ಎಂದಳು. ಇಬ್ಬರೂ ಕಣ್ಣು ಮುಚ್ಚಿದೆವು.

‘ಕೃಪಾಳುವಾದ ತಂದೆಯೇ,’ ಎಂದೆ. ಮುಂದಿನ ಶಬ್ದ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅದು ಮೊದಲ ಸಲ. ಗೋಡೆಯಾಚೆ ಹಸೀನಾ ಖಾಲಾ ಕೋಳಿಗಳನ್ನು ಕರೆಯುವುದು ಕೇಳುತ್ತಿತ್ತು.

‘ಯವ್ವಾ,’ ಎಂದೆ, ಕಣ್ಣು ತೆರೆಯದೆಯೇ. ‘ಇದು ಸುಳ್ಳ ಯವ್ವಾ. ನನಗ ನಂಬಿಕಿ ಉಳದಿಲ್ಲ. ಮೂರ ವರ್ಷ ಆತು. ಯಾಕ ಹೋತು ಅಂತ ಕೇಳಬ್ಯಾಡ, ನನಗೂ ತಿಳಿವಲ್ದು. ಹುಡುಕಿ ನೋಡಿದೆ, ಸಿಗವಲ್ದು. ನೀ ಅಳತಿ ಅಂತ ಅಂಜಿ ಹೇಳಲಿಲ್ಲ. ನಿನ್ನ ಮುಂದ ದಿನಾ ನಾಟಕಾ ಮಾಡಿ ಮಾಡಿ ನನಗ ಸಾಕಾಗೇತಿ.’

ಮಾತು ತೀರಿತು. ಕಣ್ಣು ತೆರೆಯುವ ಧೈರ್ಯ ಬರಲಿಲ್ಲ. ಕೋತಿ ಬಂದು ಇಡೀ ತಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದರೂ ತೆರೆಯುತ್ತಿರಲಿಲ್ಲ.

ಎದುರಿನಿಂದ ಅವ್ವನ ದನಿ ಬಂತು. ‘ಆಮೆನ್.’

ಮುಗಿಯಿತು ಎಂದುಕೊಂಡೆ. ಇಷ್ಟು ವರ್ಷದ ನಂಟೆಲ್ಲ ಒಂದು ಶಬ್ದದಲ್ಲಿ ಮುಗಿಸಿದಳು. ಕಣ್ಣು ತೆರೆದೆ. ಅವ್ವ ಅಳುತ್ತಿದ್ದಳು. ಅಳುತ್ತಲೇ ನನ್ನ ತಟ್ಟೆಗೆ ಸಾರು ಹಾಕುತ್ತಿದ್ದಳು.

‘ನನಗ ಗೊತ್ತಿತ್ತು,’ ಎಂದಳು.

‘ಹೆಂಗ ಯವ್ವಾ?’

‘ಮೂರ ವರ್ಷಾತು, ನಿನ್ನ ಪ್ರಾರ್ಥನ್ಯಾಗ ಒಂದರೆ ತಪ್ಪ ಇತ್ತೇನ? ಮೊದಲ ಜ್ವರಾ ಬಂದ್ರ, ನಿಮ್ಮಪ್ಪನ ಲಾರಿ ಕೆಟ್ಟ ನಿಂತ್ರ, ನಡುನಡುವ ನಮ್ಮ ಮಾತು ಹೊರಗ ಬರತಿತ್ತು. ಆ ಆಡ ಕಳಕೊಂಡಾಗ ನೀ ಮಾಡಿದ್ದಿ ನೋಡು, ಅದು ಪ್ರಾರ್ಥನಿ. ಈಗಿಂದು ಬರೇ ಭಾಷಣಾ.’

‘ಗೊತ್ತಿದ್ದೂ ಮತ್ತ ನನ್ನ ಯಾಕ ಎಬ್ಬಿಸಿ ನಿಲ್ಲಸ್ತಿದ್ದಿ?’

‘ಯಾವಾಗರೆ ತಪ್ಪತಿ ಅಂತ ಕಾಯಾಕತ್ತಿದ್ದೆ.’

ಊರಿಗೆಲ್ಲ ಮೋಸ ಮಾಡಿದ ಬುದ್ಧಿವಂತ ನಾನು ಎಂದುಕೊಂಡಿದ್ದೆ, ಮೋಸ ಹೋಗಬೇಕಾದವಳು ಮೂರು ವರ್ಷ ಎದುರಿಗೇ ಕೂತು ನನ್ನ ವ್ಯಾಕರಣ ನೋಡುತ್ತಿದ್ದಳು. ನನಗೂ ಅಳು ಬಂತು.

‘ಹೇಳಾಕ ಇವತ್ತ ಧೈರ್ಯ ಯಾರ ಕೊಟ್ರು?’ ಎಂದಳು, ಸೆರಗಿನಲ್ಲಿ ಮುಖ ಒರೆಸಿಕೊಂಡು.

‘ಒಬ್ಬಾಕಿ ಅದಾಳ. ಹುನಗುಂದದಾಕಿ. ಕಮತಗ್ಯಾಗ ಟೀಚರ್.’

ಅವ್ವ ಕೋಳಿ ಸಾರಿನ ಪಾತ್ರೆಯ ಕಡೆ ನೋಡಿದಳು. ‘ಇದನ್ನ ತಿಂತಾಳೇನ?’

‘ಇಲ್ಲ. ಲಿಂಗಾಯತರು.’

‘ಹಂಗಾದ್ರ ಬರೂ ಐತಾರ ಕರ್ಕೊಂಡ ಬಾ. ಬದನಿಕಾಯಿ ಎಣಗಾಯಿ ಮಾಡೂಣು.’ ಸ್ವಲ್ಪ ತಡೆದು, ದವಾಖಾನೆಯ ದನಿಯಲ್ಲಿ ಸೇರಿಸಿದಳು: ‘ಆದ್ರ ಒಂದ ಮಾತ. ನೀ ಬಿಟ್ರೂ ನಾ ಬಿಡಂಗಿಲ್ಲ. ನಿನ್ನ ಸಲುವಾಗಿ ದಿನಾ ಕೇಳಾಕೀನ.’

‘ಕೇಳು,’ ಎಂದೆ. ರೊಟ್ಟಿ ಮುರಿದೆ. ಬಾಯಿಗಿಡುವ ಮೊದಲು ಇನ್ನೊಂದನ್ನು ಕೇಳಿಯೇಬಿಟ್ಟೆ. ‘ಯವ್ವಾ, ನೀ ಆಮೆನ್ ಅಂದಿ. ಎಲ್ಲಾ ಇಲ್ಲಿಗೆ ಮುಗೀತು ಅಂತೇನ?’

ಅವ್ವ ಸಾರಿನ ಹುಟ್ಟನ್ನು ಕೆಳಗಿಟ್ಟು, ಆಡು ಕಳೆದುಕೊಂಡ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

‘ಇಷ್ಟ ವರ್ಷ ಒದರಿದಿ, ಅದರ ಅರ್ಥ ಗೊತ್ತಿಲ್ಲೇನೋ ನಿನಗ? ಮುಗೀತು ಅಂತ ಅಲ್ಲ, ಹುಚ್ಚಾ,’ ಎಂದಳು. ‘ಖರೆ ಅಂತ.’